ಕಲ್ಯಾಣದವರೇನ್ರಿ?

ಹುಮನಾಬಾದಿನ ಹಳೇ ಬಜಾರಿನ ಹಿಂದಿನ ಓಣಿಯಲ್ಲಿ ಕಲ್ಲಿನಾಥನ ಚಿತ್ರಶಾಲೆ. ಕೆಳಗೆ ಮನೆ, ಮೇಲೆ ಮೂರು ಖೋಲಿ. ಆ ವಾರ ಮೆಟ್ಟಿಲು ಹತ್ತಿ ಬಂದವರು ಇಬ್ಬರೇ. ಒಬ್ಬ ಕರೆಂಟಿನ ಮೀಟರ್ ನೋಡುವವನು. ಇನ್ನೊಬ್ಬ, ಖೋಲಿ ಬಾಡಿಗೆಗೆ ಸಿಗುತ್ತವೆಯೇ ಎಂದು ಕೇಳಲು ಬಂದ ಔಷಧಿ ಕಂಪನಿಯವನು. ಕಲ್ಲಿನಾಥ ಅವನಿಗೂ ಮೂರೂ ಖೋಲಿ ತಿರುಗಿಸಿ ತೋರಿಸಿದ. ಗಾಡಿಯ ಬಣ್ಣದ ಹಲಗೆಗಳು, ಕೆತ್ತನೆಯ ಬಾಗಿಲ ಚೌಕಟ್ಟು, ಗಾಜಿನ ಮೇಲೆ ಬರೆದ ದೇವರ ಪಟಗಳು, ಮಣ್ಣಿನ ಎತ್ತುಗಳು. ಬಂದವನು ಎಲ್ಲವನ್ನೂ ನೋಡಿ, "ಇವೆಲ್ಲ ತೆಗೆದ್ರ ಖೋಲಿ ಛಲೋ ಅದಾವ್ರಿ," ಎಂದು ಹೇಳಿ ಇಳಿದುಹೋದ.

ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಚಿತ್ರಕಲೆ ಕಲಿಸಿ ನಿವೃತ್ತನಾದವನು ಕಲ್ಲಿನಾಥ. ಪಗಾರದಲ್ಲಿ ಉಳಿಸಿ, ಗುಜರಿ ಅಂಗಡಿಯ ಅಲ್ತಾಫನಿಗೆ ಮೊದಲೇ ಹೇಳಿಟ್ಟು, ಒಂದೊಂದೇ ಸಾಮಾನು ಕೂಡಿಸಿದ್ದ. ಈ ಭಾಗದಲ್ಲಿ ಹಳ್ಳಿಯ ಕಲೆಗೆಂದು ಒಂದು ಜಾಗ ಮಾಡಿದವರಲ್ಲಿ ಅವನೇ ಮೊದಲು. ಆ ಮಾತನ್ನು ಈಗ ಅವನ ಹೆಂಡತಿ ಉಮಾದೇವಿ ಮಾತ್ರ ಕೇಳುತ್ತಿದ್ದಳು, ಅದೂ ಅಡುಗೆ ಮಾಡುತ್ತ.

ಅವನು ಶುರು ಮಾಡಿದ ನಾಲ್ಕು ವರ್ಷಕ್ಕೆ ಮಚ್ಚೇಂದ್ರ ಬಸವಕಲ್ಯಾಣದಲ್ಲಿ ತನ್ನದೊಂದು ಮ್ಯೂಸಿಯಂ ತೆರೆದ. ಇಬ್ಬರೂ ಕಲಬುರಗಿಯಲ್ಲಿ ಒಂದೇ ಖೋಲಿಯಲ್ಲಿದ್ದು ಚಿತ್ರಕಲೆಯ ಡಿಪ್ಲೊಮಾ ಮಾಡಿದವರು. ಒಂದೇ ಸ್ಟೋವಿನ ಮೇಲೆ ಬೇಳೆ ಬೇಯಿಸಿಕೊಂಡವರು. ಆಗ ಕ್ಲಾಸಿನಲ್ಲಿ ಕಲ್ಲಿನಾಥನ ರೇಖೆಯೇ ಮೇಲು ಎಂದು ಗುರುಗಳು ಎಲ್ಲರೆದುರು ಹೇಳಿದ್ದರು. ಮಚ್ಚೇಂದ್ರನೂ ತಲೆಯಾಡಿಸಿದ್ದ.

ಈಗ ಕಲ್ಯಾಣದ ಮ್ಯೂಸಿಯಂ ಮುಂದೆ ಶಾಲೆಯ ಬಸ್ಸುಗಳು ನಿಲ್ಲುತ್ತವೆ. ಹೊಸ ಹಾಲ್ ಕಟ್ಟುವಾಗ ಮಚ್ಚೇಂದ್ರ ಯಾರ ಮುಂದೆಯೂ ರಸೀದಿ ಪುಸ್ತಕ ಹಿಡಿಯಲಿಲ್ಲ. ನೆಲಕ್ಕೆ ಹಾಸಲು ಒಂದು ಊರಿನಿಂದ ಒಂದು ಪರಸಿ ಕಲ್ಲು ಸಾಕು ಎಂದ. ಊರಿನವರು ತಾವೇ ಕೂಡಿ, ಟ್ರ್ಯಾಕ್ಟರಿನಲ್ಲಿ ಕಲ್ಲು ತಂದು ಇಳಿಸಿಹೋದರು. ಪ್ರತಿ ಕಲ್ಲಿನ ಮೂಲೆಯಲ್ಲಿ ಊರಿನ ಹೆಸರು ಕೊರೆಸಿದ. ಉದ್ಘಾಟನೆಯ ದಿನ ಕಲ್ಲಿನಾಥ ಕೈ ಹಿಂದೆ ಕಟ್ಟಿಕೊಂಡು ಆ ನೆಲದ ಮೇಲೆ ನಡೆಯುತ್ತ ಹೆಸರು ಓದಿದ. ನಲವತ್ತಮೂರು ಊರು. ಅದರಲ್ಲಿ ಹನ್ನೊಂದು ಹುಮನಾಬಾದ ತಾಲೂಕಿನವು. ತನ್ನ ತಾಲೂಕಿನವು. ಆ ಹನ್ನೊಂದು ಕಲ್ಲು ಅವನು ತುಳಿಯಲಿಲ್ಲ, ದಾಟಿ ನಡೆದ.

ಮಚ್ಚೇಂದ್ರನಿಗೆ ಊರೂರಲ್ಲಿ ಇಷ್ಟು ಒಳ್ಳೆಯ ಹೆಸರು ಬಂದದ್ದು ಒಂದು ದೀಪದಿಂದ. ಕೊಡಂಬಲ ಎಂಬ ಹಳ್ಳಿಯ ಒಬ್ಬರು ತಮ್ಮ ಮನೆಯ ಹಿತ್ತಾಳೆಯ ದೀಪದ ಕಂಬ ಕೊಟ್ಟಿದ್ದರು. ಎರಡು ವರ್ಷದ ಮೇಲೆ ಮೊಮ್ಮಗಳ ಮದುವೆ ಬಂತು. ಆ ದೀಪವಿಲ್ಲದೆ ಅಕ್ಕಿಕಾಳು ಹಾಕಿದ ಮದುವೆ ಆ ಮನೆಯಲ್ಲಿ ಆಗಿರಲಿಲ್ಲ. ಕೇಳಲೋ ಬೇಡವೋ ಎಂದು ಅಳುಕುತ್ತ ಫೋನ್ ಮಾಡಿದರೆ, ಮಚ್ಚೇಂದ್ರ ದೀಪವನ್ನು ಹುಣಸೆಹಣ್ಣಿನಿಂದ ತಿಕ್ಕಿ, ಧೋತರದಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಬಂದ. ಮದುವೆ ಮುಗಿಯುವ ತನಕ ಪಂಗತಿಗೆ ಬಡಿಸುತ್ತ ನಿಂತ. ಮರುದಿನ ವಾಪಸ್ ಒಯ್ದ. ಈ ಸುದ್ದಿ ಸಂತೆಯಿಂದ ಸಂತೆಗೆ ನಡೆಯಿತು. ಕಲ್ಯಾಣದವರಿಗೆ ಕೊಟ್ಟರೆ ನಮ್ಮ ಮನೆಯಲ್ಲೇ ಇದ್ದಹಾಗೆ ಎಂದು ಮಂದಿ ಮಾತಾಡಿಕೊಂಡರು.

ಈ ಕಡೆಯ ಹಳ್ಳಿಗಳಲ್ಲಿ ಮಚ್ಚೇಂದ್ರನ ಅಪ್ಪ ಅಂಗಳದ ಆಚೆಯೇ ನಿಂತು ಮಾತಾಡಿದವನು. ಅದೇ ಮನೆಗಳವರು ಮಗನನ್ನು ಒಳಗೆ ಕರೆದು ಊಟಕ್ಕೆ ಕೂಡಿಸುತ್ತಾರೆ. ಅದನ್ನು ಕೇಳಿ ತಾನು ಸಂತೋಷಪಡಬೇಕು ಎಂದು ಕಲ್ಲಿನಾಥನಿಗೆ ಗೊತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಪಡುತ್ತಿದ್ದನೇನೋ. ಮಚ್ಚೇಂದ್ರನ ಹೆಸರು ಕಿವಿಗೆ ಬಿದ್ದರೆ ಸಾಕು, ಹೊಟ್ಟೆಯೊಳಗೆ ಹಸಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಕಾರ್ತಿಕ ಕಳೆದ ಮೇಲೆ ಹೈದರಾಬಾದಿನ ಒಂದು ಸಂಸ್ಥೆಯಿಂದ ಮನಿಷಾ ಎಂಬ ಹೆಣ್ಣುಮಗಳು ಬಂದಳು. ಸಣ್ಣ ಸಂಗ್ರಹಾಲಯಗಳಿಗೆ ಕಟ್ಟಡಕ್ಕೆ ಸಹಾಯ ಮಾಡುವ ಸಂಸ್ಥೆ. ಒಂದು ತಾಸು ನೋಡಿದಳು, ಬರೆದುಕೊಂಡಳು. ಕೊನೆಗೆ ಕೇಳಿದಳು:

"ಸರ್, ಇದರಲ್ಲಿ ಊರಿನವರು ತಾವಾಗಿ ಕೊಟ್ಟದ್ದು ಯಾವುದು?"

"ಎಲ್ಲಾ ನಾನೇ ಹುಡುಕಿ ತಂದದ್ರಿ. ಕೈಯಿಂದ ರೊಕ್ಕ ಹಾಕಿ."

"ಅದು ದೊಡ್ಡದೇ. ಆದರೆ ನಮ್ಮಲ್ಲಿ ಮೊದಲು ಕೇಳೋದು ಇದನ್ನೇ. ಊರು ನಿಮ್ಮನ್ನು ನಂಬಿ ಏನಾದರೂ ಕೊಟ್ಟಿದೆಯಾ ಅಂತ. ಒಂದೇ ಇದ್ದರೂ ಸಾಕು, ಕೊಟ್ಟವರ ಒಂದು ಪತ್ರ ಇರಲಿ. ಸಂಕ್ರಾಂತಿ ಆದ ಮೇಲೆ ಮತ್ತೆ ಬರ್ತೀನಿ." ಮೆಟ್ಟಿಲಿಳಿಯುತ್ತ, "ಕಲ್ಯಾಣದ ಮಚ್ಚೇಂದ್ರ ಸರ್ ನಿಮ್ಮ ಬಗ್ಗೆ ಬಹಳ ಹೇಳಿದ್ರು. ಅವರು ಹೇಳಿದ್ದಕ್ಕೇ ಬಂದೆ," ಎಂದಳು.

ಆ ರಾತ್ರಿ ಕಲ್ಲಿನಾಥ ಊಟ ಬಿಟ್ಟ.

"ಯಾಕ, ಏನಂದ್ಳು ಆಕಿ?" ಎಂದಳು ಉಮಾದೇವಿ.

"ಅವ ಹೇಳಿದ್ದಕ್ಕ ಬಂದಾಳಂತ. ನಂಗ ಶಿಫಾರಸು ಮಾಡಾಕತ್ತಾನ ಅವ. ನಂಗ!"

"ಛಲೋನೇ ಮಾಡ್ಯಾನಲ್ಲ."

"ನಿಂಗ ತಿಳಿಯಂಗಿಲ್ಲ ಬಿಡು."

"ನಂಗ್ಯಾಕ ತಿಳೀತದ? ನಿಮ್ಮ ಹೊಟ್ಟೆ ಉರಿಗಿ ನನ್ನ ರೊಟ್ಟಿ ಒಣಗಾಕತ್ತಾವ, ಅಷ್ಟು ತಿಳೀತದ," ಎಂದು ಬುಟ್ಟಿ ಮುಚ್ಚಿಟ್ಟಳು.

ದುಬಲಗುಂಡಿಯಲ್ಲಿ ಒಂದು ಕಂಬಳಿ ಇದೆ ಎಂಬುದನ್ನು ಹಳೆಯ ವಿದ್ಯಾರ್ಥಿಯೊಬ್ಬ ಯಾವಾಗಲೋ ಹೇಳಿದ್ದ. ಕುರುಬರ ಧೂಳಮ್ಮನ ಮನೆಯಲ್ಲಿ. ಅವಳ ಮಾವ ಅಮೋಘಸಿದ್ದಪ್ಪ ನೇಯ್ದದ್ದು. ಕರಿ ಕಂಬಳಿ, ಅಂಚಿನಲ್ಲಿ ಬಿಳಿ ಉಣ್ಣೆಯ ಕುರಿಗಳ ಸಾಲು. ಅಂಥದು ಮತ್ತೆಲ್ಲೂ ಇಲ್ಲ ಎಂದಿದ್ದ. ಕಲ್ಲಿನಾಥ ಬೆಳಗಿನ ಬಸ್ಸು ಹತ್ತಿದ. ರಸ್ತೆಯ ಎರಡೂ ಬದಿ ತೊಗರಿ ಕಾಯಿ ಕಟ್ಟಿತ್ತು.

ಧೂಳಮ್ಮ ಅಂಗಳದಲ್ಲಿ ಕುರಿಮರಿಗೆ ಸೊಪ್ಪು ಹಾಕುತ್ತಿದ್ದಳು. ಎಪ್ಪತ್ತರ ಹತ್ತಿರದ ಹೆಂಗಸು, ಹಣೆಯ ತುಂಬ ಭಂಡಾರದ ಅರಿಶಿನ. ಮಗ ಸಂಜುಕುಮಾರ ಬಾಡಿಗೆ ಜೀಪು ಹೊಡೆಯಲು ಹೋಗಿದ್ದ. ಸೊಸೆ ಹೊಲದಲ್ಲಿ. ಕಲ್ಲಿನಾಥ ಕಂಬಳಿಯ ವಿಷಯ ಎತ್ತಿದ್ದೇ ಅವಳ ಕೈ ನಿಂತಿತು.

"ಮಾರೂದಲ್ರಿ ಅದು. ಅದರ ಮ್ಯಾಲ ಕುಂತು ನಮ್ಮ ಮಾವ ಎಷ್ಟು ನ್ಯಾಯ ಬಗಿಹರಿಸ್ಯಾನ. ರೊಕ್ಕಕ್ಕ ಕೊಡ್ತಾರೇನ್ರಿ?"

"ರೊಕ್ಕಕ್ಕಲ್ಲ ಯಕ್ಕಾ. ನಾಕು ಮಂದಿ ನೋಡ್ಲಿ ಅಂತ. ಮ್ಯೂಸಿಯಂ ಅಂತ ಇರ್ತದ..."

ಅವಳ ಮುಖ ಅರಳಿತು. ಸೆರಗಿಗೆ ಕೈ ಒರೆಸಿಕೊಂಡು ಎದ್ದಳು.

"ಕಲ್ಯಾಣದವರೇನ್ರಿ?"

ಅಲ್ಲ ಎನ್ನಲು ಅವನು ಬಾಯಿ ತೆರೆದದ್ದು ನಿಜ. ಅಲ್ಲ ಎಂದರೆ ಮುಂದೆ ಏನಾಗುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು. ನೀರು ಕೊಡುತ್ತಾಳೆ, ಚಹಾ ಕೊಡುತ್ತಾಳೆ, ಮಗ ಬಂದ ಮೇಲೆ ಕೇಳಿ ಹೇಳುತ್ತೇನೆ ಎನ್ನುತ್ತಾಳೆ. ಇಪ್ಪತ್ತು ವರ್ಷದಿಂದ ಇಪ್ಪತ್ತು ಊರಲ್ಲಿ ಹಾಗೆಯೇ ಆಗಿತ್ತು.

"ಹೌದ್ರಿ," ಎಂದ.

"ಮೊದಲ ಹೇಳಬಾರದೇನ್ರಿ! ಬರ್ರಿ, ಒಳಗ ಬರ್ರಿ. ಕೊಡಂಬಲದ ದೀಪದವರಂತ ಹೇಳಿದ್ರ ಊರ ಬಾಗಲದಾಗ ಬಂದು ಕರ್ಕೊಂಡು ಬರ್ತಿದ್ದೆ."

ಕಂಬಳಿ ಗಳದ ಮೇಲಿನಿಂದ ಇಳಿಯಿತು. ಹನ್ನೊಂದು ಕುರಿ, ಕೊನೆಗೆ ಹಿಂತಿರುಗಿ ನೋಡುತ್ತಿರುವ ಒಂದು ನಾಯಿ. ಕಲ್ಲಿನಾಥನಿಗೆ ಒಂದು ಗಳಿಗೆ ಮಚ್ಚೇಂದ್ರನೂ ಮರೆತುಹೋದ, ಮನಿಷಾಳೂ ಮರೆತುಹೋದಳು. ನಾಯಿಯ ಕತ್ತು ತಿರುಗಿಸಲು ನೇಕಾರ ಮೂರೇ ಎಳೆ ಬಳಸಿದ್ದ.

ಧೂಳಮ್ಮ ಓಣಿಯ ನಾಲ್ವರು ಮುತ್ತೈದೆಯರನ್ನು ಕರೆದಳು. ಕಂಬಳಿ ಮಡಿಸಿ ಮಣೆಯ ಮೇಲಿಟ್ಟು, ಭಂಡಾರ ಹಚ್ಚಿ, ಹೆಣ್ಣುಮಗಳನ್ನು ಕಳಿಸುವ ಹಾಗೆ ಉಡಿ ತುಂಬಿದರು. ಒಬ್ಬಳು ಕಣ್ಣೊರೆಸಿಕೊಂಡಳು. ಕಲ್ಲಿನಾಥ ಬರೆದುಕೊಂಡು ಬಂದಿದ್ದ ಪತ್ರದಲ್ಲಿ 'ಹುಮನಾಬಾದ ಚಿತ್ರಶಾಲೆಗೆ' ಎಂದಿತ್ತು. ಧೂಳಮ್ಮನಿಗೆ ಓದು ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತುತ್ತ, "ಎಳ್ಳಮಾಸಿಗಿ ಬುತ್ತಿ ತರ್ತೀವ್ರಿ. ಕೊಟ್ಟ ಮನೀಗಿ ಹೋಗಿ ನೋಡಿ ಬರಬೇಕಲ್ಲ," ಎಂದಳು. ಹಳ್ಳಿಯವರು ಹೀಗೆ ಹೇಳುತ್ತಾರೆ, ಬರುವುದಿಲ್ಲ ಎಂದುಕೊಂಡು ಕಲ್ಲಿನಾಥ ನಕ್ಕ.

ಕಂಬಳಿ ನಡುವಿನ ಖೋಲಿಯ ಗೋಡೆಯನ್ನು ತುಂಬಿತು. ಪಕ್ಕದಲ್ಲಿ ಗಾಜಿನ ಚೌಕಟ್ಟಿನಲ್ಲಿ ಪತ್ರ. ದಿನಕ್ಕೆ ನಾಲ್ಕು ಸಲ ಹೋಗಿ ನಿಲ್ಲುತ್ತಿದ್ದ. ಮಚ್ಚೇಂದ್ರನಲ್ಲಿ ಇಂಥದು ಇಲ್ಲ ಎಂದುಕೊಂಡಾಗ ಸುಖವಾಗುತ್ತಿತ್ತು. ಮಚ್ಚೇಂದ್ರನ ಹೆಸರಿಗೇ ಇದು ಬಂದದ್ದು ಎಂಬ ನೆನಪು ಅದರ ಬೆನ್ನಿಗೇ ಬಂದು, ಸುಖ ಅರ್ಧಕ್ಕೆ ನಿಲ್ಲುತ್ತಿತ್ತು.

ಎಳ್ಳ ಅಮಾವಾಸ್ಯೆಯ ಮರುದಿನ ಹನ್ನೊಂದು ಗಂಟೆಗೆ ಫೋನ್ ಬಂತು.

"ಲೇ ಕಲ್ಲ್ಯಾ, ಮಚ್ಚೇಂದ್ರ ಮಾತಾಡಾಕತ್ತೀನಿ. ದುಬಲಗುಂಡಿಯಿಂದ ಒಂದು ಜೀಪು ತುಂಬಿ ಮಂದಿ ಬಂದಾರ. ಬುತ್ತಿ ತಂದಾರ, ಭಜ್ಜಿ ಪಲ್ಯಾ, ಸಜ್ಜಿ ರೊಟ್ಟಿ, ಅಂಬಲಿ. ನಮ್ಮ ಕಂಬಳಿ ಎಲ್ಲದ ಅಂತ ಕೇಳಾಕತ್ತಾರ."

ಕಲ್ಲಿನಾಥ ಗೋಡೆಯ ಮೇಲಿನ ಕಂಬಳಿಯ ಕಡೆ ತಿರುಗಿದ.

"ಮುದುಕಿ ಹೇಳಿದ ಚಹರೆ ಕೇಳಿದ ಕೂಡ್ಲೆ ತಿಳೀತು ನಂಗ. ಉದ್ದ ಮೂಗು, ಜೇಬಿನಾಗ ಮೂರು ಪೆನ್ನು."

"ಏನ್ ಹೇಳಿದಿ?"

"ಏನ್ ಹೇಳ್ಬೇಕು? ನಮ್ದ ಒಂದು ಶಾಖೆ ಹುಮನಾಬಾದಿನಾಗ ಅದ, ಅಲ್ಲಿ ಇಟ್ಟೀವಿ ಅಂದೆ. ಈಗ ಕರ್ಕೊಂಡು ಬರಾಕತ್ತೀನಿ. ನೀ ಸುಮ್ನ ಹೂಂ ಅನ್ನು. ಮುಂದಿಂದು ಆಮ್ಯಾಲ ನೋಡೂಣು."

ಫೋನ್ ಇಟ್ಟು ಕಲ್ಲಿನಾಥ ಕೆಳಗೆ ಅಡುಗೆಮನೆಗೆ ಇಳಿದ. ಮಚ್ಚೇಂದ್ರ ಬೈದಿದ್ದರೆ ಆಗುತ್ತಿತ್ತು. ಕಳ್ಳ ಎಂದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಅವನು ಬೈಯಲೂ ಇಲ್ಲ. ಇಪ್ಪತ್ತು ವರ್ಷದ ಚಿತ್ರಶಾಲೆಯನ್ನು ಒಂದೇ ಮಾತಿನಲ್ಲಿ ತನ್ನ ಶಾಖೆ ಮಾಡಿಕೊಂಡು ಬರುತ್ತಿದ್ದಾನೆ, ಅದೂ ಉಪಕಾರವೆಂದು.

"ಹೂಂ ಅಂದು ಬಿಡ್ರಿ," ಎಂದಳು ಉಮಾದೇವಿ, ವಿಷಯವೆಲ್ಲ ಕೇಳಿ. "ಅವ್ರು ನೋಡ್ಕೊಂಡು ಹೋಗ್ತಾರ. ಆ ಹೈದರಾಬಾದಿನಾಕಿ ಬರ್ತಾಳ. ನಿಮ್ಮದೂ ಒಂದು ಕಟ್ಟಡ ಆಗ್ತದ. ಒಂದು ಹೂಂ, ಅಷ್ಟೇ."

ಮಧ್ಯಾಹ್ನ ಒಂದೂವರೆಗೆ ಓಣಿಯ ತಿರುವಿನಲ್ಲಿ ಜೀಪು ನಿಂತಿತು. ಒಂಬತ್ತು ಹೆಂಗಸರು, ಸಂಜುಕುಮಾರ, ಮುಂದೆ ಮಚ್ಚೇಂದ್ರ. ತಲೆಯ ಮೇಲೆ ಬುತ್ತಿಯ ಗಂಟು ಹೊತ್ತುಕೊಂಡೇ ಮೆಟ್ಟಿಲು ಹತ್ತಿದರು. ಆ ಮೂರು ಖೋಲಿಯಲ್ಲಿ ಅಷ್ಟು ಬಳೆಗಳ ಸದ್ದು ಹಿಂದೆ ಎಂದೂ ಆಗಿರಲಿಲ್ಲ. ಕಂಬಳಿ ಕಂಡ ಕೂಡಲೇ ಎಲ್ಲರೂ ಒಮ್ಮೆಗೇ ಮಾತಾಡಿದರು.

"ನೋಡವ್ವ, ಗೋಡಿ ಮ್ಯಾಲ ಹ್ಯಾಂಗ ಕಾಣ್ತದ!"

"ನಾಯಿ ನಮ್ಮ ಕಡೀನ ನೋಡಾಕತ್ತದ ನೋಡ."

"ಮಾವ ಇರಬೇಕಿತ್ತು ಇವತ್ತ," ಎಂದಳು ಧೂಳಮ್ಮ. ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಸುತ್ತ ತಿರುಗಿ ಬಾಗಿಲ ಚೌಕಟ್ಟು, ಮಣ್ಣಿನ ಎತ್ತು, ಗಾಜಿನ ಪಟ ಎಲ್ಲ ನೋಡಿದಳು. "ಛಲೋ ಇಟ್ಟೀರಿ ಮಾಸ್ತರ್ರೆ. ಬಾಗಲದಾಗ ಮಾತ್ರ ಕಲ್ಯಾಣದ್ದು ಅಂತ ಬರಸ್ರಿ. ಇಲ್ಲಾಂದ್ರ ಮಂದೀಗಿ ಹ್ಯಾಂಗ ತಿಳೀಬೇಕು, ಇದೂ ಮಚ್ಚೇಂದ್ರ ಸರ್‍ದೇ ಅಂತ?"

"ಬರಸ್ತೀವಿ ಯಕ್ಕಾ, ಬರಸ್ತೀವಿ," ಎಂದು ಮಚ್ಚೇಂದ್ರ ನಗುತ್ತ ಕಲ್ಲಿನಾಥನ ಬೆನ್ನ ಮೇಲೆ ಕೈಯಿಟ್ಟ.

ಆ ಕೈ ಅಲ್ಲಿ ಬೀಳದಿದ್ದರೆ ಕಲ್ಲಿನಾಥ ಹೂಂ ಎನ್ನುತ್ತಿದ್ದ. ಹೂಂ ಗಂಟಲ ತನಕ ಬಂದಿತ್ತು.

"ಇದು ಅವಂದಲ್ಲ," ಎಂದ. ಧ್ವನಿ ತನಗೇ ದೊಡ್ಡದಾಗಿ ಕೇಳಿಸಿತು. "ಅವನ ಶಾಖೆನೂ ಅಲ್ಲ, ಏನೂ ಅಲ್ಲ. ನಂದು ಇದು. ಅವನಕಿಂತ ನಾಕು ವರ್ಷ ಮೊದಲ ಹಾಕೀನಿ. ನೀವು ಕಲ್ಯಾಣದವರೇನ್ರಿ ಅಂತ ಕೇಳಿದ್ರಿ, ನಾ ಹೌದಂದೆ. ಸುಳ್ಳ ಹೇಳಿದೆ."

ಬಳೆಗಳ ಸದ್ದು ನಿಂತಿತು. ಸಂಜುಕುಮಾರ ಗೋಡೆಯ ಪತ್ರದ ಹತ್ತಿರ ಹೋಗಿ, ಬೆರಳಿಟ್ಟು ಓದಿದ. "ಹುಮನಾಬಾದ ಅಂತ ಬರದದ ಯವ್ವ. ನಿನ್ನ ಹೆಬ್ಬೆಟ್ಟೂ ಅದ."

ಧೂಳಮ್ಮ ಕಲ್ಲಿನಾಥನನ್ನು ಬಹಳ ಹೊತ್ತು ನೋಡುತ್ತ ನಿಲ್ಲಲಿಲ್ಲ. ಒಮ್ಮೆ ನೋಡಿದಳು, ಅಷ್ಟೇ. ಅವಳ ಕಣ್ಣು ನಿಂತದ್ದು ಮಚ್ಚೇಂದ್ರನ ಮೇಲೆ.

"ನಿಮಗ ಮಾಲೂಮ ಇತ್ತೇನ್ರಿ ಸರ್?"

ಮಚ್ಚೇಂದ್ರ ಬೆನ್ನ ಮೇಲಿನ ಕೈ ತೆಗೆದ. "ಇತ್ತು ಯಕ್ಕಾ. ನೀವು ಬಂದಾಗ ತಿಳೀತು."

"ಮತ್ತ ನಿಮ್ದೇ ಅಂದ್ರಿ?"

"ಗೆಳೆಯನ ಮರ್ಯಾದಿ ಹೋಗ್ತದ ಅಂತ..."

"ಇವ್ರು ಸುಳ್ಳ ಹೇಳಿದ್ರ ಹೇಳ್ಲಿ. ಇವ್ರ ಹೆಸರು ನಾ ಕೇಳಿದ್ದಿಲ್ಲ. ನಿಮ್ಮ ಹೆಸರು ಕೇಳಿ ಕೊಟ್ಟೀನ್ರಿ ನಾ." ಮಗನ ಕಡೆ ತಿರುಗಿ, "ತೆಗಿ ಅದನ್ನ," ಎಂದಳು.

ಸಂಜುಕುಮಾರ ಮೊಳೆ ಬಿಡಿಸಿದ. ಧೂಳಮ್ಮ ಕಂಬಳಿಯನ್ನು ತಾನೇ ಮಡಿಸಿ ಹೆಗಲ ಮೇಲೆ ಹಾಕಿಕೊಂಡಳು. ಕಲ್ಯಾಣಕ್ಕೆ ಕೊಡಲಿಲ್ಲ, ಹುಮನಾಬಾದಿಗೂ ಬಿಡಲಿಲ್ಲ. ಹೊರಡುವಾಗ ಒಬ್ಬಳು ಬುತ್ತಿಯ ಗಂಟು ಎತ್ತಲು ಬಗ್ಗಿದಳು.

"ಬಿಡ ಅದನ್ನ," ಎಂದಳು ಧೂಳಮ್ಮ. "ತಂದ ಬುತ್ತಿ ತಿರುಗಿ ಒಯ್ಯಬಾರದು."

ಜೀಪಿನ ಸದ್ದು ಓಣಿ ದಾಟಿತು. ಇಬ್ಬರು ಮುದುಕರು ಬರಿದಾದ ಗೋಡೆಯ ಕೆಳಗೆ ಕುಳಿತರು. ಮಚ್ಚೇಂದ್ರ ಗಂಟು ಬಿಚ್ಚಿ, ಸಜ್ಜಿ ರೊಟ್ಟಿ ಮುರಿದು, ಭಜ್ಜಿ ಹಚ್ಚಿ ಒಂದು ತುಂಡು ಕಲ್ಲಿನಾಥನ ಕೈಗಿಟ್ಟ.

"ಹೂಂ ಅಂದಿದ್ರ ಏನಾಗ್ತಿತ್ತಲೇ?"

"ನಿನ್ನ ಶಾಖೆ ಆಗ್ತಿದ್ದೆ."

"ಅಷ್ಟಕ್ಕ?"

"ಅಷ್ಟಕ್ಕ."

ಮಚ್ಚೇಂದ್ರ ಅಗಿಯುತ್ತ ಅವನ ಮುಖ ನೋಡಿದ. "ಖರೇ ಹೇಳು. ಮುದುಕಿ ನಂಗ ಅಂದಾಗ, ನಿಂಗ ಒಳಗ ಸ್ವಲ್ಪ ಖುಷಿ ಆತು, ಹೌದಿಲ್ಲೋ?"

"ಆತು," ಎಂದ ಕಲ್ಲಿನಾಥ. ಆಗಿತ್ತು. ಎದೆಯ ಮೇಲಿಂದ ಒಂದು ಕಲ್ಲು ಸರಿದಂತೆ. ಅದು ನಾಚಿಕೆಗೇಡಿನ ಸುಖ ಎಂದು ಗೊತ್ತಿದ್ದೂ ಆಗಿತ್ತು. ಮನಿಷಾ ಬರುವ ದಿನಕ್ಕೆ ತೋರಿಸಲು ಈಗ ಏನೂ ಇರಲಿಲ್ಲ. ಕಟ್ಟಡ ಆಗುವುದಿಲ್ಲ. ಆದರೂ ಆಗಿತ್ತು.

"ಹಾಳಾದವನೇ," ಎಂದ ಮಚ್ಚೇಂದ್ರ. ಸಿಟ್ಟಿನಿಂದಲೂ ಅಲ್ಲ, ನಗುತ್ತಲೂ ಅಲ್ಲ. ಅಂಬಲಿಯ ಗಡಿಗೆ ಎತ್ತಿ ಕುಡಿದು, ಬಾಯಿ ಒರೆಸಿಕೊಂಡ. "ಬರೂ ಐತವಾರ ನಾ ದುಬಲಗುಂಡಿಗಿ ಹೋಗ್ತೀನಿ. ಧೂಳಮ್ಮನ ಮುಂದ ನಿಂತು ತಪ್ಪಾಗ್ಯಾದ ಅಂತ ಹೇಳಿ ಬರ್ತೀನಿ. ನೀನೂ ಬಾ."

ಕಲ್ಲಿನಾಥ ನೋಡೋಣ ಎಂದ. ಮಚ್ಚೇಂದ್ರನನ್ನು ಬಸ್ ಸ್ಟ್ಯಾಂಡಿನ ತನಕ ಕಳಿಸಿ ಬಂದು, ಮೂರು ದಿನ ಯೋಚಿಸಿದ. ಮಚ್ಚೇಂದ್ರ ಹೋಗುತ್ತಾನೆ. ಅಂಗಳದಲ್ಲಿ ನಿಂತು, ಓಣಿಯವರೆಲ್ಲ ಕೇಳುವಂತೆ ತಪ್ಪು ಒಪ್ಪಿಕೊಳ್ಳುತ್ತಾನೆ. ಅಂಥ ದೊಡ್ಡ ಮನುಷ್ಯ ಮನೆಯ ತನಕ ಬಂದು ಕೈ ಮುಗಿದ ಎಂದು ಸಂತೆಯಲ್ಲಿ ಮಾತಾಗುತ್ತದೆ. ದೀಪದ ಸುದ್ದಿಗಿಂತ ದೊಡ್ಡದಾಗುತ್ತದೆ. ಕೆಟ್ಟ ಹೆಸರಿನಿಂದಲೂ ಹೆಸರು ಮಾಡಿಕೊಳ್ಳುವ ಹಣೆಬರಹ ಅವನದು.

ಶನಿವಾರ ನಸುಕಿನಲ್ಲೇ ಕಲ್ಲಿನಾಥ ಅಂಗಿ ತೊಟ್ಟ.

"ಐತವಾರ ಅಲ್ಲೇನ್ರಿ ಹೋಗೂದು?" ಎಂದಳು ಉಮಾದೇವಿ.

"ತಪ್ಪು ಮೊದಲ ಮಾಡಿದವ ನಾ. ಮೊದಲ ನಾನ ಹೋಗಬೇಕು."

ಉಮಾದೇವಿ ಅವನನ್ನು ನೋಡಿ, ಏನೋ ಅನ್ನಲು ಹೋಗಿ, ಒಲೆಯ ಕಡೆ ತಿರುಗಿದಳು.

ದುಬಲಗುಂಡಿಯಲ್ಲಿ ಬಿಸಿಲು ಆಗಷ್ಟೇ ಮಾಳಿಗೆ ಇಳಿದಿತ್ತು. ಧೂಳಮ್ಮ ಕುರಿಗಳನ್ನು ಹಟ್ಟಿಯಿಂದ ಬಿಡುತ್ತಿದ್ದಳು. ಕಲ್ಲಿನಾಥ ಚಪ್ಪಲಿ ಬಿಟ್ಟು ಅಂಗಳದಲ್ಲಿ ನಿಂತ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತು ಒಂದೂ ಬರಲಿಲ್ಲ. "ತಪ್ಪಾಗ್ಯಾದ ಯಕ್ಕಾ," ಎಂದ. "ನಿಮ್ಮ ಕಂಬಳಿ ಕೇಳಾಕ ಬಂದಿಲ್ಲ. ಇಷ್ಟು ಹೇಳಾಕ ಬಂದೀನಿ."

ಧೂಳಮ್ಮ ಕೊನೆಯ ಮರಿ ಹೊರಗೆ ಹೋಗುವ ತನಕ ಹಟ್ಟಿಯ ಬಾಗಿಲು ಹಿಡಿದೇ ನಿಂತಿದ್ದಳು. ಆಮೇಲೆ ಅವನ ಹಿಂದೆ, ಬಸ್ ನಿಲ್ಲುವ ದಾರಿಯ ಕಡೆ ಕಣ್ಣು ಹಾಯಿಸಿದಳು.

"ಒಬ್ಬರೇ ಬಂದೀರೇನ್ರಿ? ಮಚ್ಚೇಂದ್ರ ಸರ್ ಬರಲಿಲ್ಲೇನು?"

ಹೊಟ್ಟೆಯಲ್ಲಿ ಆ ಹಳೆಯ ಉರಿ ಎದ್ದಿತು. ಕಲ್ಲಿನಾಥ ಅದು ಒಂದಿಷ್ಟು ಇಳಿಯಲಿ ಎಂದು ಕಾದ. ಪೂರಾ ಇಳಿಯಲಿಲ್ಲ.

"ನಾಳಿ ಬರ್ತಾನ್ರಿ," ಎಂದ. "ಅವಂದು ಅಷ್ಟು ತಪ್ಪಿಲ್ಲ."

"ಅದು ಅವ್ರು ಬಂದಾಗ ನೋಡೂಣು," ಎಂದಳು ಧೂಳಮ್ಮ. "ಕುಂಡ್ರಿ. ಚಹಾ ಕುಡದು ಹೋಗ್ರಿ."